ಭಾರವಿಲ್ಲದ ಹುಳ, ಅವ್ವನ ಕುರ್ಚಿ

ದೋಸ್ತ,

ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ಓದುವವರು ಗಿಣಿಗೇರಿ ಸೈಕಲ್ಲಿನ ಕಥೆಯೊಂದು ಕೇಳಬೇಡಿ.

ಹೋದ ವಾರ ಒಂಬತ್ತನೇ ತರಗತಿಗೆ ಹುಳದ ಪಾಠ ಮಾಡಿದೆ. ಪುಸ್ತಕದಲ್ಲಿಲ್ಲ, ನನ್ನ ಚಟ. ಸಿ. ಎಲೆಗನ್ಸ್ ಅಂತ, ಒಂದು ಮಿಲಿಮೀಟರ್ ಉದ್ದದ ದುಂಡುಹುಳ. ಮೈಗೋಡೆಯ ಸ್ನಾಯುವಿಗೆ ಬರೀ 95 ಜೀವಕೋಶ. 2003ರಲ್ಲಿ ಕೊಲಂಬಿಯಾ ನೌಕೆ ಚೂರಾಗಿ ಕಲ್ಪನಾ ಚಾವ್ಲಾ ಸೇರಿ 7 ಜನ ಹೋದರಲ್ಲ, ಅದರೊಳಗೆ ಈ ಹುಳಗಳೂ ಇದ್ದವು. ವಾರಗಳ ನಂತರ ನೆಲದ ಮೇಲೆ ಸಿಕ್ಕ ಡಬ್ಬಿ ತೆರೆದರೆ, ಬದುಕಿದ್ದವು! ಕ್ಲಾಸು ಗಪ್ಪಾಯಿತು.

2004ರಲ್ಲಿ ಮತ್ತೆ ಬಾಹ್ಯಾಕಾಶಕ್ಕೆ ಕಳಿಸಿದರು. ಸುಮಾರು ಹತ್ತು ದಿನ ಭಾರವಿಲ್ಲದೆ ತೇಲಿದ ಹುಳಗಳಲ್ಲಿ ಸ್ನಾಯು ಕಟ್ಟುವ ಜೀನುಗಳ ಕೆಲಸ ತಗ್ಗಿತ್ತು. ಸ್ನಾಯುವನ್ನು ಎಳೆಯುವ ಮಯೋಸಿನ್ ಅನ್ನೋ ಪ್ರೋಟೀನ್ ಕೂಡ ಕಡಿಮೆ. ಹಿಂದಿನ ಬೆಂಚಿನವನೊಬ್ಬ ಕೇಳಿದ, "ಆರಾಮ ಸಿಕ್ರ ಮೈ ಕರಗತೈತೇನ್ರಿ ಸರ್?" ಹೌದಪ್ಪ, ಅದಕ್ಕೇ ಗಗನಯಾತ್ರಿಗಳು ದಿನಾ ಎರಡು ತಾಸು ವ್ಯಾಯಾಮ ಮಾಡುತ್ತಾರೆ ಅಂದೆ.

ಮನೆಗೆ ಬಂದರೆ ಅವ್ವ ಕುರ್ಚಿಯಲ್ಲಿ. ನಾನೇ ತಂದ ಮೆತ್ತನೆ ಕುರ್ಚಿ. ನೀರು ನಲ್ಲಿಯಲ್ಲಿ, ಖಡಕ್ ರೊಟ್ಟಿ ಅಂಗಡಿಯಿಂದ. "ನಮ್ಮವ್ವಗ ಕಡ್ಡಿ ಎತ್ತಿಡೋ ಕೆಲಸ ಇಲ್ಲ" ಅಂತ ನಿನ್ನ ಮುಂದೆಯೂ ಜಂಬ ಕೊಚ್ಚಿದ್ದೆನಲ್ಲ? ಗವಿಸಿದ್ಧಪ್ಪನ ಜಾತ್ರೆಯ ದಾಸೋಹಕ್ಕೆ ರಾತ್ರಿಯೆಲ್ಲ ರೊಟ್ಟಿ ಬಡಿದ ಕೈ ಅದು. ಈಗ ಏಳಬೇಕಾದರೆ ನನ್ನ ಹೆಗಲು ಹುಡುಕುತ್ತದೆ. ವಯಸ್ಸು ಅನ್ನು. ನಾನೂ ಹಾಗೇ ಅಂದುಕೊಂಡಿದ್ದೆ.

ಈ ಸಲದ ಜಾತ್ರೆಗೆ ಮಠದ ಮೆಟ್ಟಿಲು ಹತ್ತುತ್ತೇನೆ ಅಂದಿದ್ದಳು. ಮಂಡಿ ನೋವು ಜಾಸ್ತಿಯಾಗುತ್ತದೆ, ಮೊಬೈಲಿನಲ್ಲೇ ತೇರು ನೋಡು ಅಂದೆ. ಮಂಡಿ ಒಂದು ನೆಪ, ದೋಸ್ತ. ಆ ಗದ್ದಲದಲ್ಲಿ ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತಾ ಹೋಗುವುದು ನನಗೆ ಬೇಜಾರು. ಅವಳು ಕೂತಿದ್ದರೆ ಆರಾಮ ನನಗೆ. ಮೊಬೈಲು ಹಿಡಿದು ಸುಮ್ನೆ ಕೂತಳು. ತೇರು ಹೋದ ಮೇಲೂ.

ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ.

ನಿನ್ನೆ ಹಿಟ್ಟಿನ ಡಬ್ಬಿ ಅವಳ ಮುಂದಿಟ್ಟೆ. "ಅಂಗಡಿ ರೊಟ್ಟಿ ಸಾಕಾತೇನು?" ಅಂತ ನಕ್ಕಳು. ಎರಡು ಬಡಿದಳು, ಒಂದು ಹರಿಯಿತು. ಹರಿದದ್ದು ನನ್ನ ತಟ್ಟೆಗೆ ಬಂತು, ಪದ್ಧತಿ ಪ್ರಕಾರ.

ನನ್ನ ಸ್ನಾಯುವಿನ ಸುದ್ದಿ ಮಾತ್ರ ಎತ್ತಬೇಡ. ತಟ್ಟೆಯಿಂದ ಬಾಯಿಗೆ ನಾಲ್ಕು ಮಿರ್ಚಿ ಎತ್ತುವಷ್ಟು ಇನ್ನೂ ಉಳಿದಿದೆ. ಐದನೆಯದಕ್ಕೆ ನೀನು ಬಾ.

ನಿನ್ನ,
ಕ್ಯಾರಿಯರ್ ಮೇಲೆ ಕೂತವ
ಕೊಪ್ಪಳ