ಕಾಗದ ಇಲ್ಲದ ಕಲ್ಲು ಇನ್ನು ನಮ್ಮಲ್ಲಿ ಸಿಗುವುದಿಲ್ಲ: ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗೆಳೆಯರೇ,

ನಮಸ್ಕಾರ. ಸುತ್ತಿ ಬಳಸಿ ಹೇಳುವುದಿಲ್ಲ. ಬರುವ ಒಂದನೇ ತಾರೀಖಿನಿಂದ, ನಾವು ಗ್ರಾಂ ಲೆಕ್ಕದಲ್ಲಿ ಮಾರುತ್ತಿದ್ದ ಮರುಭೂಮಿಯಲ್ಲಿ ಸಿಕ್ಕ ಉಲ್ಕಾಶಿಲೆಗಳ, ಅಂದರೆ ಬಾಹ್ಯಾಕಾಶದಿಂದ ಭೂಮಿಗೆ ಬಿದ್ದ ಕಲ್ಲುಗಳ ಡಬ್ಬ ಅಂಗಡಿಯಲ್ಲಿ ಇರುವುದಿಲ್ಲ. ಹೆಸರು, ನಂಬರ್ ಇಲ್ಲದ, ಯಾವ ದೇಶದಿಂದ ಹೇಗೆ ಹೊರಗೆ ಬಂತು ಎನ್ನುವ ಕಾಗದ ಇಲ್ಲದ ಉಲ್ಕಾಶಿಲೆಯನ್ನು ನಾವು ಮಾರುವುದಿಲ್ಲ, ಯಾರಿಂದಲೂ ಕೊಳ್ಳುವುದೂ ಇಲ್ಲ. ಉಳಿದ ಕಲ್ಲುಗಳ ಬೆಲೆ ಏರುತ್ತದೆ. ಸಣ್ಣ ಹೋಳುಗಳದ್ದು ಸ್ವಲ್ಪ, ಅಪರೂಪದವುಗಳದ್ದು ಜಾಸ್ತಿಯೇ.

ನಿಮಗೆ ಬೇಜಾರಾಗುತ್ತದೆ ಎಂದು ಗೊತ್ತು. ನಿಮ್ಮಲ್ಲಿ ಎಷ್ಟೋ ಜನ ಈ ಹವ್ಯಾಸ ಶುರು ಮಾಡಿದ್ದೇ ಆ ಡಬ್ಬದಿಂದ. ಮಕ್ಕಳನ್ನು ಕರೆದುಕೊಂಡು ಬಂದು, ಒಂದೊಂದೇ ಕಲ್ಲು ಎತ್ತಿ ನೋಡಿ, ಕೈಖರ್ಚಿನ ದುಡ್ಡಲ್ಲಿ ಒಂದನ್ನು ಆರಿಸಿಕೊಂಡು ಹೋದವರು ನೀವು. ಇಷ್ಟು ಬೇಗ ನಿಲ್ಲಿಸಬೇಕಾಗಿ ಬಂದಿದ್ದಕ್ಕೆ ಕ್ಷಮೆ ಇರಲಿ. ಆದರೆ "ನೀವೂ ದುಡ್ಡಿನ ಹಿಂದೆ ಬಿದ್ರಿ" ಎಂದು ಕೆಲವರು ಅಂದಿದ್ದು ಮನಸ್ಸಿಗೆ ನಾಟಿದೆ. ಹಾಗಾಗಿ ಎಲ್ಲ ಬಿಡಿಸಿ ಬರೆಯುತ್ತಿದ್ದೇವೆ. ಪತ್ರ ಉದ್ದವಾಯಿತು ಅನ್ನಬೇಡಿ.

2025ರ ಜುಲೈನಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ ಮಂಗಳ ಗ್ರಹದ ಒಂದು ಕಲ್ಲು 53 ಲಕ್ಷ ಡಾಲರ್‌ಗೆ ಹೋಯಿತಲ್ಲ, 24 ಕಿಲೋ ಮೀರಿದ ಕಲ್ಲು, ಹೆಸರು ಎನ್‌ಡಬ್ಲ್ಯುಎ 16788, ಆ ಸುದ್ದಿ ನೀವೆಲ್ಲ ನಮಗೇ ಕಳಿಸಿದ್ದೀರಿ. ಆಮೇಲೆ ಆಗಿದ್ದನ್ನು ಕಡಿಮೆ ಜನ ಓದಿದ್ದಾರೆ. ಆ ಕಲ್ಲು 2023ರ ನವೆಂಬರ್‌ನಲ್ಲಿ ಸಿಕ್ಕಿದ್ದು ನೈಜರ್ ದೇಶದ ಮರುಭೂಮಿಯಲ್ಲಿ. ಹರಾಜು ಮುಗಿದ ಮೇಲೆ ಅಲ್ಲಿನ ಸರ್ಕಾರ, ನಮ್ಮ ಕಲ್ಲು ಹೊರಗೆ ಹೋಗಿದ್ದು ಹೇಗೆ ಎಂದು ತನಿಖೆಗೆ ಇಳಿಯಿತು. ಅಮೂಲ್ಯ ಕಲ್ಲುಗಳ ಜೊತೆ ಉಲ್ಕಾಶಿಲೆಗಳ ರಫ್ತನ್ನೂ ತಡೆಹಿಡಿಯಿತು. ಅಷ್ಟು ದೊಡ್ಡ ಹರಾಜಿನ ಕಲ್ಲಿಗೇ ಈ ಪ್ರಶ್ನೆ ಬಂದರೆ, ನಮ್ಮ ಡಬ್ಬದ ಕಲ್ಲಿಗೆ ಬರುವುದಿಲ್ಲ ಎಂದು ಧೈರ್ಯದಿಂದ ಹೇಗೆ ಹೇಳೋಣ?

ಇದು ನೈಜರ್ ಒಂದರ ಕತೆಯೂ ಅಲ್ಲ. ಅರ್ಜೆಂಟೀನಾ 2007ರಲ್ಲೇ ಕಾನೂನು ಮಾಡಿ ಉಲ್ಕಾಶಿಲೆಗಳನ್ನು ಸಾಂಸ್ಕೃತಿಕ ಆಸ್ತಿ ಎಂದಿತು. ನಿಮ್ಮಲ್ಲಿ ಅನೇಕರ ಬಳಿ ಇರುವ ಕಾಂಪೊ ಡೆಲ್ ಸಿಯೆಲೊ ಎಂಬ ಕಬ್ಬಿಣದ ಉಲ್ಕಾಶಿಲೆಯ ತುಂಡುಗಳು ಅಲ್ಲಿಯವು. ಆಸ್ಟ್ರೇಲಿಯಾದಿಂದ ಒಂದು ಚೂರು ಹೊರಗೆ ತರಬೇಕಾದರೂ 1986ರ ಕಾಯ್ದೆಯಂತೆ ಅನುಮತಿ ಬೇಕು. ಮೊರಾಕೊದಲ್ಲಿ ಮೊದಲೆಲ್ಲ ಎರ್ಫೂದ್ ಪೇಟೆಗೆ ಹೋದರೆ ಗೋಣಿಚೀಲದಲ್ಲೇ ಕಲ್ಲು ಸಿಗುತ್ತಿತ್ತು. ಈಗ ಅಲ್ಲಿಯೂ ಹೆಕ್ಕುವುದಕ್ಕೆ, ಹೊರದೇಶಕ್ಕೆ ಕಳಿಸುವುದಕ್ಕೆ ನಿಯಮ ಬಂದಿದೆ. ನಮಗೆ ಕಲ್ಲು ಕಳಿಸುತ್ತಿದ್ದವರೇ "ಕಾಗದ ಕೇಳಿದರೆ ರೇಟು ಬೇರೆ" ಎನ್ನುತ್ತಿದ್ದಾರೆ. ಕಾಗದ ಕೇಳಿದ ಮೇಲೆ ಫೋನ್ ಎತ್ತದವರೂ ಇದ್ದಾರೆ. ಅವರ ಕಲ್ಲು ನಮಗೂ ಬೇಡ.

ಎನ್‌ಡಬ್ಲ್ಯುಎ ಎಂದು ನಂಬರ್ ಇದ್ದರೆ ಸಾಕಲ್ವಾ ಎಂದು ಕೇಳುತ್ತೀರಿ. ಸಾಲದು. ಅದರರ್ಥ ವಾಯವ್ಯ ಆಫ್ರಿಕಾ ಅಷ್ಟೇ. ಎಲ್ಲಿ ಸಿಕ್ಕಿತು ಎಂದು ಖಚಿತವಾಗಿ ಗೊತ್ತಿಲ್ಲದೆ, ಹೆಚ್ಚಾಗಿ ಮೊರಾಕೊದ ವ್ಯಾಪಾರಿಗಳ ಕೈಯಿಂದ ಬಂದ ಕಲ್ಲುಗಳಿಗೆ ಆ ಹೆಸರು ಕೊಡುತ್ತಾರೆ. ಕಲ್ಲು ಅಲ್ಜೀರಿಯಾದ್ದಿರಬಹುದು, ಮಾಲಿಯದ್ದಿರಬಹುದು. ನಂಬರ್ ಇದ್ದರೆ ಅದು ಯಾವ ಬಗೆಯ ಕಲ್ಲು ಎಂದು ತಿಳಿಯುತ್ತದೆ. ಹೊರಗೆ ಬಂದ ದಾರಿ ಸರಿಯೇ ಎನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಕಾಗದ ಬೇಕು. ನಾವು ಇನ್ನು ಎರಡನ್ನೂ ಕೇಳುತ್ತೇವೆ.

ಈಗ ಎಲ್ಲರೂ ಕೇಳುತ್ತಿರುವ ಮಾತಿಗೆ ಬರೋಣ. ಅಂಗಡಿಗೆ ಬಂದವರು, ಫೋನ್ ಮಾಡಿದವರು, ವಾಟ್ಸಾಪ್‌ನಲ್ಲಿ ಬರೆದವರು, ಎಲ್ಲರದ್ದೂ ಒಂದೇ ಪ್ರಶ್ನೆ. "ಕಲ್ಲು ಅದೇ ಅಲ್ವಾ? ಆನ್‌ಲೈನ್‌ನಲ್ಲಿ ಅರ್ಧ ರೇಟಿಗೆ ಸಿಗುತ್ತೆ. ಸುಮ್ನೆ ಒಂದು ಕಾಗದಕ್ಕೆ ನಾವ್ಯಾಕೆ ದುಡ್ಡು ಕೊಡಬೇಕು?"

ಆ ಕಾಗದದ ಹಿಂದೆ ಏನಿದೆ ಎಂದು ಹೇಳುತ್ತೇವೆ ಕೇಳಿ. ಒಂದು ಕಲ್ಲಿಗೆ ಅಧಿಕೃತ ಹೆಸರು ಬೇಕಾದರೆ ಉಲ್ಕಾಶಿಲೆ ಅಧ್ಯಯನ ಮಾಡುವವರ ಅಂತಾರಾಷ್ಟ್ರೀಯ ಸಂಘವಾದ ಮೀಟಿಯೊರಿಟಿಕಲ್ ಸೊಸೈಟಿಯ ಸಮಿತಿ ಒಪ್ಪಬೇಕು. ಅದಕ್ಕೆ ಮೊದಲು ಒಬ್ಬ ವಿಜ್ಞಾನಿ ಅದನ್ನು ಪರೀಕ್ಷೆ ಮಾಡಬೇಕು. ಕಲ್ಲಿನ ಚೂರನ್ನು ಗಾಜಿನ ಮೇಲೆ ಅಂಟಿಸಿ, ಬೆಳಕು ಹಾಯುವಷ್ಟು, ಅಂದರೆ 0.03 ಮಿಲಿಮೀಟರ್‌ಗೆ ಉಜ್ಜಿ ಇಳಿಸುತ್ತಾರೆ. ಅದರ ಆಲಿವಿನ್ ಖನಿಜದಲ್ಲಿ ಕಬ್ಬಿಣ ಎಷ್ಟಿದೆ ಎಂದು ಯಂತ್ರದಲ್ಲಿ ಅಳೆಯುತ್ತಾರೆ. ನಿಮ್ಮ ಡಬ್ಬಿ ಮೇಲಿನ ಚೀಟಿಯಲ್ಲಿ ಎಚ್5, ಎಲ್6 ಎಂದು ಇರುತ್ತದಲ್ಲ, ಆ ಅಕ್ಷರ ಬರುವುದು ಈ ಅಳತೆಯಿಂದ. ಪಕ್ಕದ ಅಂಕಿ, ಆ ಕಲ್ಲು ತನ್ನ ತಾಯಿ ಕ್ಷುದ್ರಗ್ರಹದೊಳಗೆ ಎಷ್ಟು ಬೆಂದಿದೆ ಎಂದು ಹೇಳುತ್ತದೆ. ಕಣ್ಣಲ್ಲಿ ನೋಡಿ ಇದನ್ನು ಖಚಿತವಾಗಿ ಹೇಳಲು ನಮ್ಮಿಂದಲೂ ಆಗುವುದಿಲ್ಲ, ಆನ್‌ಲೈನ್‌ನಲ್ಲಿ ಅರ್ಧ ರೇಟಿಗೆ ಮಾರುವವರಿಂದಲೂ ಆಗುವುದಿಲ್ಲ.

ಇದಿಷ್ಟೇ ಅಲ್ಲ. ಹೆಸರು ಸಿಗಬೇಕಾದರೆ ಕಲ್ಲಿನ ಒಂದು ಭಾಗವನ್ನು ಸಂಶೋಧನಾ ಸಂಸ್ಥೆಗೋ ಮ್ಯೂಸಿಯಮ್ಮಿಗೋ ಶಾಶ್ವತವಾಗಿ ಕೊಟ್ಟುಬಿಡಬೇಕು. 20 ಗ್ರಾಂ, ಇಲ್ಲವೇ ಒಟ್ಟು ತೂಕದಲ್ಲಿ ಶೇಕಡಾ 20, ಯಾವುದು ಕಡಿಮೆಯೋ ಅದು. ದೊಡ್ಡ ಕಲ್ಲಾದರೆ 20 ಗ್ರಾಂ ಲೆಕ್ಕಕ್ಕೇ ಬರುವುದಿಲ್ಲ. 60 ಗ್ರಾಮಿನ ಅಪರೂಪದ ಕಲ್ಲಾದರೆ 12 ಗ್ರಾಂ ಹೋಯಿತು. ಅದರ ದುಡ್ಡು ಉಳಿದ 48 ಗ್ರಾಮಿನ ಮೇಲೇ ಬೀಳಬೇಕು. ಈ ನಿಯಮದ ಬಗ್ಗೆ ನಮಗೆ ಒಂದಿಷ್ಟೂ ತಕರಾರಿಲ್ಲ. ಹಾಗೆ ಕೊಟ್ಟ ಚೂರುಗಳಿಂದಲೇ ನಾಳೆ ಯಾರೋ ವಿದ್ಯಾರ್ಥಿ ಹೊಸದೊಂದನ್ನು ಕಂಡುಹಿಡಿಯಬಹುದು. ಆದರೆ ಅದನ್ನು "ಸುಮ್ನೆ ಒಂದು ಕಾಗದ" ಅಂದರೆ ಬೇಸರವಾಗುತ್ತದೆ.

ಇನ್ನು ಕತ್ತರಿಸುವುದು. ಒಂದು ಸಲ ನಮ್ಮ ಹಿಂದಿನ ಕೋಣೆಗೆ ಬಂದು ನೋಡಿ. ವಜ್ರದ ಅಂಚಿನ ಬ್ಲೇಡು ಒಂದು ಮಿಲಿಮೀಟರ್ ದಪ್ಪ ಇದೆ. ನಿಮಗೆ ಬೇಕಾದ ಹೋಳು ಎರಡು ಮಿಲಿಮೀಟರ್. ಅಂದರೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕಲ್ಲು ಬೂದು ಬಣ್ಣದ ಕೆಸರಾಗಿ ತಟ್ಟೆಗೆ ಇಳಿಯುತ್ತದೆ. ಕಬ್ಬಿಣದ ಕಣ ಎದುರಾದಾಗ ಬ್ಲೇಡಿನ ಸದ್ದೇ ಬದಲಾಗುತ್ತದೆ. ಆಗ ಒತ್ತಿದರೆ ಹೋಳು ಬಿರುಕು ಬಿಡುತ್ತದೆ. ಹಾಗಾಗಿ ಕೈ ಬಿಗಿ ಹಿಡಿದು, ನಿಧಾನಕ್ಕೆ, ತಣ್ಣಗೆ ಮಾಡಿಕೊಂಡು ಕೊಯ್ಯಬೇಕು. ನೀರು ಹಾಕುವುದಿಲ್ಲ, ತುಕ್ಕು ಹಿಡಿಯುತ್ತದೆ. ಕೊಯ್ದಾದ ಮೇಲೆ ಸ್ಪಿರಿಟ್‌ನಲ್ಲಿ ತೊಳೆದು ಒಣಗಿಸಬೇಕು. ಆಮೇಲೆ ಪಾಲಿಶ್. ಸಾಸಿವೆ ಕಾಳಿನಷ್ಟು ದುಂಡು ಕಣಗಳು ಒಂದೊಂದಾಗಿ ಮೇಲೆ ಕಾಣಿಸಿಕೊಳ್ಳುವುದು ಆಗ. 456 ಕೋಟಿ ವರ್ಷದ ಹಿಂದಿನ ಕಣಗಳು ಅವು. ಆ ಹೊಳಪು ಬರುವ ತನಕ ನಾವು ಹೋಳನ್ನು ಕೈಯಿಂದ ಕೆಳಗಿಡುವುದಿಲ್ಲ. ಈ ಕೆಲಸದಲ್ಲಿ ನಮ್ಮನ್ನು ಮೀರಿಸಿದವರನ್ನು ನಾವಿನ್ನೂ ನೋಡಿಲ್ಲ.

ಪಾರ್ಸೆಲ್ ವಿಷಯ ಬರೆಯಬಾರದು ಅಂದುಕೊಂಡಿದ್ದೆವು. ಆದರೆ ಡೆಲಿವರಿ ತಡವಾದಾಗಲೆಲ್ಲ ಬೈಗುಳ ತಿಂದವರು ನಾವು. ಕಳೆದ ಮಳೆಗಾಲದಲ್ಲಿ ಕಬ್ಬಿಣದ ಹೋಳುಗಳ ಒಂದು ಪೊಟ್ಟಣ ದಾರಿಯಲ್ಲಿ ತಡೆದು ನಿಂತಿತು. ಕಲ್ಲು ಅಂತೀರಿ, ಕಬ್ಬಿಣ ಅಂತೀರಿ, ಇಷ್ಟು ಚಿಕ್ಕದಕ್ಕೆ ಇಷ್ಟು ಬೆಲೆ ಹೇಗೆ, ಬಿಲ್ಲು ಸುಳ್ಳಿರಬೇಕು ಎಂದು ಕಸ್ಟಮ್ಸ್ ನವರ ಪ್ರಶ್ನೆ. ಉತ್ತರ ಬರೆದೆವು, ಫೋಟೊ ಕೊಟ್ಟೆವು, ಗೋದಾಮಿನ ಬಾಡಿಗೆಯನ್ನೂ ಕಟ್ಟಿದೆವು. ಕೈಗೆ ಬರುವ ಹೊತ್ತಿಗೆ ಪ್ಯಾಕೆಟ್ ಒಡೆದಿತ್ತು. ಹೋಳಿನ ಅಂಚುಗಳಲ್ಲಿ ಕಂದು ಬಣ್ಣದ ಹನಿಗಳು ಕೂತಿದ್ದವು. ಎಲ್ಲವನ್ನೂ ಮತ್ತೆ ಉಜ್ಜಿ, ಆಸಿಡ್ ಹಾಕಿ ಕಬ್ಬಿಣದೊಳಗಿನ ಹರಳಿನ ಗೆರೆ ಎಬ್ಬಿಸಿ ಕೊಟ್ಟೆವು. ಅದರ ಖರ್ಚನ್ನು ನಿಮ್ಮ ಬಿಲ್ಲಿಗೆ ಸೇರಿಸಲಿಲ್ಲ. ಆಗ ಮುಂಗಡ ಕೊಟ್ಟು ಕಾದವರಿಗೆ ಇದು ಗೊತ್ತಿದೆ, ಅವರನ್ನೇ ಕೇಳಿ.

ನಮ್ಮ ನೆಲದಲ್ಲಿ ಸಿಕ್ಕ ಕಲ್ಲುಗಳ ಬಗ್ಗೆಯೂ ಒಂದು ಮಾತು, ಯಾಕೆಂದರೆ ಈ ಹರಾಜಿನ ಸುದ್ದಿ ಬಂದ ಮೇಲೆ ಚೀಲ ಹೊತ್ತು ಬರುವವರು ಜಾಸ್ತಿಯಾಗಿದ್ದಾರೆ. ಬಳ್ಳಾರಿ, ಸಂಡೂರು ಕಡೆಯಿಂದ ಬರುವ ಭಾರದ ಕಪ್ಪು ಕಲ್ಲು ಬಹುಪಾಲು ಕಬ್ಬಿಣದ ಅದಿರು. ಟೈಲ್ಸಿನ ಹಿಂಬದಿಯ ಒರಟು ಭಾಗಕ್ಕೆ ಉಜ್ಜಿ ನೋಡಿ. ಕೆಂಪು ಗೆರೆ ಬಿದ್ದರೆ ಹೆಮಟೈಟ್, ಕಪ್ಪು ಗೆರೆ ಬಿದ್ದರೆ ಮ್ಯಾಗ್ನಟೈಟ್ ಅಂದುಕೊಳ್ಳಿ. ತೂತು ತೂತಾಗಿ ಗುಳ್ಳೆ ಇದ್ದರೆ ಅದು ಕುಲುಮೆಯ ಕಿಟ್ಟ. ಉಲ್ಕಾಶಿಲೆಯಲ್ಲಿ ಹಾಗೆ ಗುಳ್ಳೆ ಇರುವುದು ಬಲು ಅಪರೂಪ. ಇನ್ನು ಅಕ್ಕಿ ಎಳೆಯುವ ರೈಸ್ ಪುಲ್ಲರ್ ಪಾತ್ರೆ, ಸಿಡಿಲು ಬಡಿದ ಚೊಂಬು ಎಂದು ಫೋನ್ ಮಾಡುವವರಿಗೆ ಕೈಮುಗಿದು ಹೇಳುತ್ತೇವೆ, ಅದು ಪೂರ್ತಿ ಮೋಸ. ಅದರಲ್ಲಿ ದುಡ್ಡು ಹಾಕಬೇಡಿ. ಮನೆಮಠ ಕಳೆದುಕೊಂಡವರಿದ್ದಾರೆ.

ಹಾಗಂತ ನಮ್ಮಲ್ಲಿ ನಿಜವಾದದ್ದು ಬಿದ್ದೇ ಇಲ್ಲ ಎಂದಲ್ಲ. ಮದ್ದೂರಿನಲ್ಲಿ 1865ರಲ್ಲಿ, ಉಡುಪಿಯಲ್ಲಿ 1866ರಲ್ಲಿ ಬಿದ್ದಿವೆ. ಹೊಸೂರು ದಾಟಿದರೆ ಸಿಗುವ ಸೂಳಗಿರಿಯಲ್ಲಿ 2008ರಲ್ಲಿ ಬಿದ್ದದ್ದು ನೂರು ಕಿಲೋ ಮೀರಿತ್ತು. 2022ರ ಆಗಸ್ಟ್‌ನಲ್ಲಿ ಗುಜರಾತಿನ ದಿಯೋದರ್‌ನಲ್ಲಿ ಬಿದ್ದದ್ದು ಆಬ್ರೈಟ್ ಎಂಬ ಅಪರೂಪದ ಬಗೆ, ಭಾರತದಲ್ಲಿ 1852ರ ನಂತರ ಬಿದ್ದ ಆ ಬಗೆಯ ಮೊದಲ ಕಲ್ಲು. ಬಿದ್ದದ್ದು ನಿಮ್ಮ ಹೊಲದಲ್ಲೇ ಆಗಿರಲಿ, ಅದು ಜಿಯಾಲಜಿಕಲ್ ಸರ್ವೆ ಆಫ್ ಇಂಡಿಯಾಕ್ಕೆ ಸೇರಬೇಕು. ದೇಶದ ಉಲ್ಕಾಶಿಲೆಗಳನ್ನು ಕಾಪಾಡುವ ಹೊಣೆ ಅವರದ್ದು. ಹಾಗಾಗಿ ಅಂಥ ಕಲ್ಲನ್ನು ನಾವು ಕೊಳ್ಳುವುದಿಲ್ಲ, ಗಿರಾಕಿ ಹುಡುಕಿ ಕೊಡುವುದಿಲ್ಲ. "ಯಾರಿಗೂ ಹೇಳಲ್ಲ ಬಿಡಿ ಸಾರ್" ಎಂದರೂ ಇಲ್ಲ. ನಿಜ ಇರಬಹುದು ಅನಿಸಿದರೆ ಯಾರಿಗೆ ತಿಳಿಸಬೇಕು, ಹೇಗೆ ಬರೆಯಬೇಕು ಎಂದು ಜೊತೆಗೆ ಕೂತು ಸಹಾಯ ಮಾಡುತ್ತೇವೆ. ಅದಕ್ಕೆ ದುಡ್ಡು ತಗೊಳ್ಳುವುದಿಲ್ಲ. ತೊಳೆಯಬೇಡಿ, ಒಡೆಯಬೇಡಿ, ಒಣ ಡಬ್ಬಿಯಲ್ಲಿಡಿ. ಬಿದ್ದ ಜಾಗದ ಫೋಟೊ ತೆಗೆದಿಟ್ಟುಕೊಳ್ಳಿ.

ಮತ್ತೆ, ಕೌಂಟರಿನಲ್ಲಿದ್ದ ದಪ್ಪ ಮ್ಯಾಗ್ನೆಟ್ ತೆಗೆದಿದ್ದೇವೆ. ಮಕ್ಕಳಿಗೆ ಅದು ಖುಷಿ ಕೊಡುತ್ತಿತ್ತು, ನಿಜ. ಆದರೆ ಜೋರು ಅಯಸ್ಕಾಂತ ಒಮ್ಮೆ ತಾಗಿದರೆ, ಕಲ್ಲು ಕೋಟ್ಯಂತರ ವರ್ಷದಿಂದ ಉಳಿಸಿಕೊಂಡ ಕಾಂತೀಯ ಗುರುತು ಅಳಿಸಿಹೋಗುತ್ತದೆ. ಮಂಗಳದ ಪ್ರಸಿದ್ಧ ಕಪ್ಪು ಕಲ್ಲಿನ ತುಂಡುಗಳಿಗೇ ಹೀಗಾಗಿದೆ ಎಂದು ವಿಜ್ಞಾನಿಗಳು ತೋರಿಸಿದ್ದಾರೆ. ಮನೆಯಲ್ಲಿ ನೀವೂ ದಯವಿಟ್ಟು ತಾಗಿಸಬೇಡಿ.

ಹಿಂದೆ ನಮ್ಮಿಂದ ಡಬ್ಬದ ಕಲ್ಲು ತಗೊಂಡವರು ಗಾಬರಿಯಾಗುವುದು ಬೇಡ. ಅವು ನಿಜವಾದ ಉಲ್ಕಾಶಿಲೆಗಳೇ. ಆ ಮಾತಿಗೆ ನಾವು ಇಂದಿಗೂ ಬದ್ಧ. ಬಿಲ್ಲು ಕಳೆದುಹೋಗಿದ್ದರೆ ನಮ್ಮ ಪುಸ್ತಕದಲ್ಲಿ ಹುಡುಕಿ ನಕಲು ಕೊಡುತ್ತೇವೆ. ಯಾರಿಂದ, ಯಾವಾಗ ತಂದೆವು ಎಂದು ನಮಗೆ ಗೊತ್ತಿರುವುದನ್ನು ಬರೆದು ಸಹಿ ಹಾಕಿಯೂ ಕೊಡುತ್ತೇವೆ. ಮಂಗಳೂರು, ಉಡುಪಿ, ಕಾರವಾರ ಕಡೆಯವರೇ, ಮಳೆಗಾಲದಲ್ಲಿ ಕಬ್ಬಿಣದ ಹೋಳು ಬೆವರಿದರೆ ಮೊದಲಿನ ಹಾಗೇ ಕಳಿಸಿ, ಸರಿಮಾಡಿ ಕೊಡುತ್ತೇವೆ. ಸಿಲಿಕಾ ಜೆಲ್ ಪೊಟ್ಟಣ ಬದಲಾಯಿಸುವುದನ್ನು ಮಾತ್ರ ಮರೆಯಬೇಡಿ.

ಡಬ್ಬದಲ್ಲಿ ಉಳಿದಿರುವ ಕಲ್ಲುಗಳನ್ನು ಯಾರಿಗೂ ಮಾರುವುದಿಲ್ಲ. ಅವನ್ನು ಸಣ್ಣ ಪೆಟ್ಟಿಗೆಗಳಲ್ಲಿ ಹಾಕಿ, ಭೂತಗನ್ನಡಿ ಇಟ್ಟು, ಶಾಲೆಗಳಿಗೆ ಎರವಲು ಕೊಡುತ್ತೇವೆ. ಮೇಷ್ಟ್ರುಗಳು, ಮೇಡಮ್ಮುಗಳು ಶಾಲೆಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ತಂದರೆ ಸಾಕು. ಬಾಡಿಗೆ ಇಲ್ಲ. ಕಳಿಸುವ ಖರ್ಚು ಮಾತ್ರ ನಿಮ್ಮದು.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೇ ಬೆಲೆಯೇ. ಮುಂಗಡ ಕೊಟ್ಟಿದ್ದು ಕಾಗದ ಇಲ್ಲದ ಕಲ್ಲಿಗಾದರೆ ದುಡ್ಡು ಪೂರ್ತಿ ವಾಪಸ್, ಇಲ್ಲವೇ ಅದೇ ಬೆಲೆಯಲ್ಲಿ ಕಾಗದ ಇರುವ ಬೇರೆ ಹೋಳು, ನಿಮಗೆ ಯಾವುದು ಇಷ್ಟವೋ ಅದು. ಇನ್ನು ಮುಂದೆ ಪ್ರತಿ ಕಲ್ಲಿನ ಜೊತೆ ಅದರ ಹೆಸರು, ಬಗೆ, ಕಾಗದಗಳ ನಕಲು ಬರುತ್ತವೆ. ಮೀಟಿಯೊರಿಟಿಕಲ್ ಸೊಸೈಟಿಯ ಪಟ್ಟಿಯಾದ ಮೀಟಿಯೊರಿಟಿಕಲ್ ಬುಲೆಟಿನ್‌ನಲ್ಲಿ ಆ ಹೆಸರು ಹಾಕಿ ನೀವೇ ತಾಳೆ ನೋಡಬಹುದು, ಅದಕ್ಕೆ ಕಾಸು ಬೇಕಿಲ್ಲ. ಹೊಂದಿಕೆಯಾಗದಿದ್ದರೆ ಕಲ್ಲು ವಾಪಸ್ ತನ್ನಿ.

ಕೋಪ ಇದ್ದರೆ ಅಂಗಡಿಗೇ ಬಂದು ಬೈಯಿರಿ, ಕೇಳುತ್ತೇವೆ. ಎಂದಿನಂತೆ ಸೋಮವಾರ ರಜೆ. ಮಧ್ಯಾಹ್ನ ಬ್ಲೇಡು ಓಡುತ್ತಿರುತ್ತದೆ, ಫೋನ್ ಕೇಳಿಸುವುದಿಲ್ಲ. ಸಂಜೆ ಐದರ ಮೇಲೆ ಮಾಡಿ.

ಇಂತಿ ನಿಮ್ಮ
ಅಂಗಡಿಯವರು