ಗಾಯರಾಣದ (ಗೋಮಾಳದ) ಹುಲ್ಲು ಕುರಿಗೂ ಉಳಿಯಲಿ, ಚಿಗರಿಗೂ (ಕೃಷ್ಣಮೃಗಕ್ಕೂ) ಉಳಿಯಲಿ ಎಂದು ಕೋರಿ ಮನವಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಕೊಪ್ಪಳ ಜಿಲ್ಲೆ, ಕೊಪ್ಪಳ.

ಇವರಿಂದ,
ಕುಕನೂರು ತಾಲ್ಲೂಕಿನ ಎರೆಸೀಮೆಯ ರೈತರು, ಕುರಿಗಾರರು, ದನ ಕಾಯುವವರು.

ವಿಷಯ: ನಮ್ಮೂರ ಗಾಯರಾಣ ಹಾಗೂ ಹುಲ್ಲುಬನ್ನಿ (ಹುಲ್ಲು ಬೆಳೆಯುವ) ಜಮೀನಿನ ಹದ್ದುಬಸ್ತು (ಗಡಿ ಅಳೆದು ಗುರುತು) ಮಾಡಿಸಿ, ಸರದಿಯ ಮೇಲೆ ಬೀಡು ಬಿಡುವ (ಮೇಯಿಸದೆ ಹುಲ್ಲಿಗೆ ಬಿಡುವು ಕೊಡುವ) ಪದ್ಧತಿಗೆ ಆದೇಶ ನೀಡುವ ಬಗ್ಗೆ.

ಮಾನ್ಯರೇ,

ಈ ಮನವಿಗೆ ಮೊದಲು ನಮ್ಮೂರಲ್ಲಿ ಎರಡು ಮನವಿಗಳು ತಯಾರಾಗಿದ್ದವು. ಒಂದು ಹೊಲದವರದು: ಚಿಗರಿಗಳನ್ನು ಹಿಡಿದು ಬೇರೆ ಕಡೆ ಸಾಗಿಸಿ ಎಂದು. ಇನ್ನೊಂದು ಕುರಿಯವರದು: ಚಿಗರಿಯ ಹೆಸರು ಹೇಳಿ ಅಡವಿಗೆ ಬೇಲಿ ಹಾಕಿ ನಮ್ಮನ್ನು ಹೊರಗೆ ನಿಲ್ಲಿಸಬೇಡಿ ಎಂದು. ಎರಡಕ್ಕೂ ಸಹಿ ಹಾಕಿದವರು ಕೆಲವರಿದ್ದರು. ಅದರಲ್ಲಿ ನಗುವಂಥದ್ದೇನಿಲ್ಲ, ನಮ್ಮಲ್ಲಿ ಒಂದೇ ಮನೆಯಲ್ಲಿ ನಾಲ್ಕು ಎಕರೆ ಕಡಲೆ ಹೊಲವೂ ಇರುತ್ತದೆ, ಮೂವತ್ತು ಕುರಿಯೂ ಇರುತ್ತವೆ. ಮೂರು ಸಂಜೆ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಕೂತು ಜಗಳಾಡಿ, ಕಡೆಗೆ ಎರಡನ್ನೂ ಹರಿದು ಇದನ್ನು ಬರೆದಿದ್ದೇವೆ.

ಜಗಳದಲ್ಲಿ ಎಲ್ಲರೂ ಒಪ್ಪಿದ ಮಾತು ಒಂದೇ. ಚಿಗರಿಯೂ ಕುರಿಯೂ ಮೊದಲಿಂದ ಒಂದೇ ಬಯಲಲ್ಲಿ ಮೇದವು. ಈಗ ಬಯಲು ಕಿರಿದಾಗಿದೆ, ಬಾಯಿಗಳು ಮಾತ್ರ ಅಷ್ಟೇ ಇವೆ, ಅಥವಾ ಹೆಚ್ಚಿವೆ.

ಚಿಗರಿಯ ಕಾಟ ಸಣ್ಣದೆಂದು ಹೇಳುತ್ತಿಲ್ಲ. ಹಿಂಗಾರಿಯಲ್ಲಿ ಹಸ್ತ, ಚಿತ್ತಿ ಮಳೆ ನೋಡಿ ಕಡಲೆ ಬಿತ್ತುತ್ತೇವೆ. ಮೊಳಕೆ ಎರಡೆಲೆ ಬಿಡುವ ಹೊತ್ತಿಗೆ ಹಿಂಡು ಇಳಿಯುತ್ತದೆ. ಕುಡಿ ಚಿವುಟಿದ್ದರಲ್ಲಿ ಒಂದಿಷ್ಟು ಮತ್ತೆ ಚಿಗುರುತ್ತದೆ, ತುಳಿದದ್ದು ಏಳುವುದಿಲ್ಲ. ಮುಂಗಾರಿಯಲ್ಲಿ ಹೆಸರುಕಾಳಿನ ಬೆಳೆಗೂ ಇದೇ ಗತಿ. ಹೊಲದ ಸುತ್ತ ಹಳೇ ಸೀರೆ ಕಟ್ಟಿದ್ದೇವೆ, ತಟ್ಟೆ ಬಡಿದಿದ್ದೇವೆ, ಟಾರ್ಚ್ ಹಿಡಿದು ರಾತ್ರಿ ಕಳೆದಿದ್ದೇವೆ. ಸೀರೆಗೆ ಒಂದು ವಾರ ಹೆದರುತ್ತವೆ, ಎಂಟನೇ ದಿನ ಅದರ ನೆರಳಲ್ಲೇ ನಿಂತು ಮೇಯುತ್ತವೆ. ಪರಿಹಾರಕ್ಕೆ ಅರ್ಜಿ ಹಾಕಬಹುದು, ನಿಜ. ಆದರೆ ಪಂಚನಾಮೆಗೆ ಜನ ಬರುವಷ್ಟರಲ್ಲಿ ಕಡಲೆ ಮತ್ತೆ ಕುಡಿಯೊಡೆದು ‘ಬೆಳೆ ಇದೆಯಲ್ಲ’ ಎನ್ನುವ ಹಾಗೆ ಕಾಣುತ್ತದೆ. ಇಳುವರಿ ಹೋದದ್ದು ಗೊತ್ತಾಗುವುದು ರಾಶಿಯ ದಿನ. ಪಾಲಿಗೆ, ಲಾವಣಿಗೆ (ಗುತ್ತಿಗೆಗೆ) ಹೊಲ ಮಾಡುವವರ ಹೆಸರಿನಲ್ಲಿ ಪಹಣಿಯೇ ಇಲ್ಲದಿರುವುದರಿಂದ ಅವರಿಗೆ ಏನೂ ಸಿಗುವುದಿಲ್ಲ.

ಹಾಗಂತ ಚಿಗರಿಯನ್ನು ಹಿಡಿದೊಯ್ಯಿರಿ ಎಂಬ ಮಾತನ್ನು ನಾವು ಕೈಬಿಟ್ಟಿದ್ದೇವೆ. 2025ರಲ್ಲಿ ಮಧ್ಯಪ್ರದೇಶದ ಶಾಜಾಪುರ ಕಡೆ ಹೆಲಿಕಾಪ್ಟರಿನಿಂದ ಚಿಗರಿ ಅಟ್ಟಿ ಹಿಡಿದ ಸುದ್ದಿ ಮೊಬೈಲಲ್ಲಿ ನೋಡಿ ನಮ್ಮ ಹುಡುಗರೂ ಹೆಲಿಕಾಪ್ಟರ್ ಕೇಳಿದರು. ಚಿಗರಿಯದು ಗಾಬರಿಯ ಜೀವ. ಅಟ್ಟಾಡಿಸಿ ಹಿಡಿದರೆ ಗಾಯವಿಲ್ಲದೆಯೂ ಸಾಯುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲನೇ ಅನುಸೂಚಿಯಲ್ಲಿ ಇರುವ ಪ್ರಾಣಿ ಅದು, ಅದರ ಮೇಲೆ ಕೈ ಮಾಡುವ ಯೋಚನೆ ಯಾರಿಗೂ ಇಲ್ಲ. ಇನ್ನು ಒಂದು ಕಡೆ ಕೂಡಿಹಾಕುವ ಮಾತು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಿಂದ ಚಿಗರಿಗೆಂದೇ 119 ಚದರ ಕಿಲೋಮೀಟರಿನ ಅಭಯಾರಣ್ಯವಿದೆ. ಅದರ ಬಹುಭಾಗ ನೀಲಗಿರಿ ತೋಪು. ಬಯಲಿನ ಪ್ರಾಣಿಗೆ ತೋಪಿನಲ್ಲಿ ಏನು ಕೆಲಸ? ಅಲ್ಲಿಯ ರೈತರಿಗೂ ಚಿಗರಿ ಕಾಟ ತಪ್ಪಿಲ್ಲ.

ತೋಳದ ಲೆಕ್ಕವನ್ನೂ ಹಾಕಬೇಕು. ನಮ್ಮ ಜಿಲ್ಲೆಯಲ್ಲೇ, ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ, ಸರ್ಕಾರ ತೋಳಧಾಮ ಮಾಡಿದೆ. ಚಿಗರಿ ಮರಿ ಸಿಗದ ತೋಳ ಉಪವಾಸ ಇರುವುದಿಲ್ಲ, ನೇರ ಕುರಿಹಟ್ಟಿಗೆ ಬರುತ್ತದೆ. ಇದನ್ನು ಹೇಳಿದ್ದು ನಮ್ಮಲ್ಲಿ ಅತಿ ಹೆಚ್ಚು ಮರಿ ಕಳೆದುಕೊಂಡ ಕುರಿಗಾರರೇ.

ಈಗ ಹೊಟ್ಟೆಯ ಲೆಕ್ಕ. ನಮ್ಮ ಕರಿ ಕುರಿ ಇಪ್ಪತ್ತೈದು ಮೂವತ್ತು ಕಿಲೋ ತೂಗುತ್ತದೆ, ಚಿಗರಿಯೂ ಹೆಚ್ಚುಕಡಿಮೆ ಅಷ್ಟೇ, ಹೋರಿ ಚಿಗರಿ ಸ್ವಲ್ಪ ಭಾರ. ದಿನಕ್ಕೆ ಎರಡಕ್ಕೂ ಒಣಗಿದ ಲೆಕ್ಕದಲ್ಲಿ ಸುಮಾರು 1 ಕಿಲೋ ಮೇವು ಬೇಕು. ಮೇಯುವುದೂ ಅದೇ ಗಿಡ್ಡ ಹುಲ್ಲು, ಗರಿಕೆ. ಆದ್ದರಿಂದ ಒಂದು ಚಿಗರಿ ಎಂದರೆ ಒಂದು ಕುರಿ ಎಂದು ಲೆಕ್ಕ ಹಿಡಿದರೆ ಮೋಸವಿಲ್ಲ. ಊರ ಕುರಿಗಳ ಸಂಖ್ಯೆ ಪಶು ಆಸ್ಪತ್ರೆಯ ಲಸಿಕೆ ಪುಸ್ತಕದಲ್ಲಿ ಸಿಗುತ್ತದೆ. ಚಿಗರಿಗಳನ್ನು ಅರಣ್ಯ ಇಲಾಖೆಯವರು ಮತ್ತು ನಾವು ಕೂಡಿ ಎಣಿಸಬಹುದು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಹುಲ್ಲು ಹೆಚ್ಚು ತಿನ್ನುತ್ತಿರುವವರು ಯಾರು ಎಂಬುದು ತಿಳಿಯುತ್ತದೆ. ಕುರಿಯವರು ಇದನ್ನು ಒಪ್ಪುವುದಕ್ಕೆ ಎರಡನೇ ಸಂಜೆ ಪೂರ್ತಿ ಹಿಡಿಯಿತು.

ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೇ ನಿಯಮದಲ್ಲಿ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಉಚಿತ ಮೇವಿನ ಜಮೀನು ತೆಗೆದಿಡಬೇಕೆಂದಿದೆ. ಕಾಡುಪ್ರಾಣಿ ಅದರ ಲೆಕ್ಕದಲ್ಲಿಲ್ಲ. ಇರಲಿ, ನಮ್ಮ ದನಕ್ಕೆ ಬರಬೇಕಾದ ಪಾಲಾದರೂ ನೆಲದ ಮೇಲೆ ಇದೆಯೇ ಎಂದು ಅಳೆಸಿ. ಹಳೇ ನಕಾಶೆಯಲ್ಲಿ ಗಾಯರಾಣ ಹಳ್ಳದ ದಂಡೆಯಿಂದ ಗುಡ್ಡದ ಬುಡದವರೆಗೆ ಇದೆ. ಈಗ ಅಕ್ಕಪಕ್ಕದ ಹೊಲಗಳ ನೇಗಿಲು ವರ್ಷಕ್ಕೊಂದು ಸಾಲು ಒಳಗೆ ಬಂದಿದೆ. ಒತ್ತುವರಿ ಮಾಡಿದವರಲ್ಲಿ ಈ ಮನವಿಗೆ ಸಹಿ ಹಾಕಿದವರೂ ಇದ್ದಾರೆ. ಕಲ್ಲು ನೆಟ್ಟ ದಿನ ಬಿಟ್ಟುಕೊಡುತ್ತೇವೆಂದು ಕಟ್ಟೆಯ ಮೇಲೆ ಎಲ್ಲರೆದುರು ಹೇಳಿದ್ದಾರೆ. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರ ಸಾರ್ವಜನಿಕ ಜಮೀನುಗಳ ಒತ್ತುವರಿ ತೆರವಿಗೆ ಯೋಜನೆ ಮಾಡಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿದೆ. ಆದ್ದರಿಂದ ನಮ್ಮ ಮೊದಲ ಕೋರಿಕೆ ಹದ್ದುಬಸ್ತು. ಅದಾಗದೆ ಮುಂದಿನ ಯಾವ ಮಾತೂ ನಿಲ್ಲುವುದಿಲ್ಲ.

ಉಳಿದ ಬಯಲನ್ನು ಜಾಲಿ ನುಂಗುತ್ತಿದೆ. ಬಳ್ಳಾರಿ ಜಾಲಿ ಎಂದು ಪಕ್ಕದ ಜಿಲ್ಲೆಯ ಹೆಸರು ಕಟ್ಟಿದ್ದೇವೆ, ಪಾಪ. ಅದರ ತವರು ಅಮೆರಿಕ ಖಂಡ. ಅದರ ಕಾಯಿ ಸಿಹಿ. ಬೇಸಿಗೆಯಲ್ಲಿ ಕುರಿಯೂ ತಿನ್ನುತ್ತದೆ, ಚಿಗರಿಯೂ ತಿನ್ನುತ್ತದೆ. ಹಿಕ್ಕೆಯಲ್ಲಿ ಬಿದ್ದ ಬೀಜ ಮಿರಗದ (ಮೃಗಶಿರಾ) ಮಳೆಗೆ ಮೊಳೆಯುತ್ತದೆ. ಅಂದರೆ ಹುಲ್ಲು ತಿನ್ನುವವರೇ ಹುಲ್ಲಿನ ವೈರಿಯನ್ನು ಬಿತ್ತುತ್ತಿದ್ದಾರೆ. ಜಾಲಿ ಕಡಿಸಿದ ಕೆಲಸ ಹಿಂದೆ ಒಮ್ಮೆ ಆಗಿತ್ತು. ನೆಲಮಟ್ಟಕ್ಕೆ ಕಡಿದದ್ದರಿಂದ ಒಂದು ಬುಡದಿಂದ ಹತ್ತು ಕವಲು ಎದ್ದವು. ಮೊಣಕೈ ಆಳ ಅಗೆದು ಬುಡದ ಗಂಟು ಸಮೇತ ಕಿತ್ತರೆ ಮಾತ್ರ ಅದು ಸಾಯುತ್ತದೆ. ಈ ಕೆಲಸವನ್ನು ಉದ್ಯೋಗ ಖಾತ್ರಿಯಲ್ಲಿ, ಕಾಯಿ ಉದುರುವ ಮೊದಲು, ವರ್ಷಕ್ಕೊಂದು ತುಂಡಿನಂತೆ ಮಾಡಿಸಬೇಕು. ಎಲ್ಲವನ್ನೂ ಒಂದೇ ಸಲ ಕೀಳಿಸಬೇಡಿ. ಊರಿನ ಅರ್ಧ ಒಲೆಗಳು ಉರಿಯುವುದು ಅದರಿಂದಲೇ.

ಜೊತೆಗೆ ಒಂದು ವಿನಂತಿ. ಹಸಿರೀಕರಣದ ಹೆಸರಿನಲ್ಲಿ ಹುಲ್ಲಿನ ನೆಲದಲ್ಲಿ ಗುಂಡಿ ತೋಡಿ ಸಸಿ ನೆಡುವುದು ಬೇಡ. ಪಹಣಿಯಲ್ಲಿ ‘ಹುಲ್ಲುಬನ್ನಿ ಖರಾಬು’ ಎಂದಿರುವುದನ್ನು ನೋಡಿ ಇದು ಕೆಟ್ಟ ನೆಲ, ಏನಾದರೂ ನೆಟ್ಟು ಉದ್ಧಾರ ಮಾಡಬೇಕು ಎಂದುಕೊಳ್ಳುವವರು ಬಹಳ. ಅಲ್ಲಿ ಖರಾಬು ಅಂದರೆ ಕಂದಾಯವಿಲ್ಲದ್ದು. ವರ್ಷಕ್ಕೆ ಆರುನೂರು ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆಯಲ್ಲಿ ಹುಲ್ಲೇ ಬೆಳೆ. ಗಾಳಿಯಂತ್ರ, ಸೋಲಾರ್ ತಟ್ಟೆಗಳಿಗೆ ಜಮೀನು ಗುರುತಿಸುವಾಗಲೂ ಈ ಸರ್ವೆ ನಂಬರುಗಳನ್ನು ಬಿಡಬೇಕು.

ಎರಡನೇ ಮುಖ್ಯ ಕೋರಿಕೆ ಬೀಡು. ಕುರಿಗಳು ಸುಗ್ಗಿ ಮುಗಿದ ಮೇಲೆ ತುಂಗಭದ್ರಾ ಕಾಲುವೆ ಸೀಮೆಗೆ, ಗಂಗಾವತಿ, ಕಾರಟಗಿ, ಸಿಂಧನೂರಿನ ಭತ್ತದ ಗದ್ದೆಗಳಿಗೆ ಹೋಗುತ್ತವೆ. ಗದ್ದೆಯಲ್ಲಿ ಕುರಿ ನಿಲ್ಲಿಸಿದರೆ ಅವರಿಗೆ ಗೊಬ್ಬರ, ನಮಗೆ ಕಾಳೋ ಕಾಸೋ. ಮಳೆ ಶುರುವಾಗಿ ಗದ್ದೆ ಕೆಸರಾಗುವಾಗ ಹಟ್ಟಿಗಳೆಲ್ಲ, ಅಂದರೆ ಕುರಿಹಿಂಡುಗಳೆಲ್ಲ, ಒಟ್ಟಿಗೇ ಊರಿಗೆ ಮರಳುತ್ತವೆ, ಹುಲ್ಲು ಆಗಷ್ಟೇ ತಲೆ ಎತ್ತಿರುತ್ತದೆ. ಎಳೆ ಹುಲ್ಲನ್ನು ಬುಡಮಟ್ಟ ಮೇದರೆ ಅದಕ್ಕೆ ಬೀಜ ಕಟ್ಟುವ ಅವಕಾಶವೇ ಇಲ್ಲ. ಆಗ ಚಿಗರಿ ಎಲ್ಲಿಗೆ ಹೋಗಬೇಕು? ಪಕ್ಕದಲ್ಲೇ ಹೆಸರಿನ ಹೊಲವಿದೆ.

ಆದ್ದರಿಂದ ಹದ್ದುಬಸ್ತಾದ ಬಯಲನ್ನು ಮೂರು ಭಾಗ ಮಾಡಿ, ಪ್ರತಿ ವರ್ಷ ಒಂದು ಭಾಗವನ್ನು ಮಿರಗದಿಂದ ಚಿತ್ತಿ ಮಳೆಯವರೆಗೆ ಕುರಿ, ಆಡು, ದನ ಯಾವುದೂ ಕಾಲಿಡದ ಹಾಗೆ ಬೀಡು ಬಿಡಲು ನಾವೇ ಸಿದ್ಧರಿದ್ದೇವೆ. ತಂತಿ ಬೇಡ. ತಂತಿಯಲ್ಲಿ ಹೋರಿ ಚಿಗರಿಯ ಕೋಡು ಸಿಕ್ಕಿ ಸತ್ತದ್ದನ್ನು ನೋಡಿದ್ದೇವೆ. ಸುಣ್ಣ ಬಳಿದ ಕಲ್ಲು ಸಾಕು, ಮೀರಿದವರಿಗೆ ದಂಡ ಹಾಕುವುದು ಊರಿನ ಕೆಲಸ. ಆ ಭಾಗ ಅಷ್ಟು ದಿನ ಚಿಗರಿಗೆ ಮತ್ತು ಹುಲ್ಲಿನ ಬೀಜಕ್ಕೆ. ಚಿತ್ತಿ ಕಳೆದು ಬೀಜ ಉದುರಿದ ಮೇಲೆ ದನ, ಕುರಿ ಬಿಡುತ್ತೇವೆ, ಅದೂ ಅರ್ಧ ಉಳಿಸಿ. ಕಡಲೆ ಇನ್ನೂ ಎಳೆಯದಾಗಿರುವ ಆ ದಿನಗಳಲ್ಲಿ ಚಿಗರಿ ಅಲ್ಲೇ ನಿಲ್ಲಬೇಕು. ಹೊಲಕ್ಕೆ ಒಂದೂ ಬರುವುದಿಲ್ಲ ಎಂದು ಯಾರೂ ಬರೆದುಕೊಡಲಾರರು, ನಾವೂ ಬರೆದುಕೊಡುತ್ತಿಲ್ಲ. ಮೂರು ವರ್ಷ, ಅಂದರೆ ಒಂದು ಸುತ್ತು, ಮಾಡಿ ನೋಡಲು ಅವಕಾಶ ಕೊಡಿ. ಬೀಡಿನಿಂದ ಮೇವು ಕಡಿಮೆ ಬೀಳುವ ಸಣ್ಣ ಕುರಿಗಾರರಿಗೆ ಆ ನಾಲ್ಕು ತಿಂಗಳು ಮೇವಿನ ನೆರವು ಬೇಕಾಗುತ್ತದೆ. ಇದು ಸಿಗದಿದ್ದರೆ ಮೊದಲು ಕಲ್ಲು ದಾಟುವವರು ಬಡವರೇ, ದಂಡ ಬೀಳುವುದೂ ಅವರಿಗೇ.

ಹೊರಗಿನಿಂದ ಬರುವ ಹಟ್ಟಿಗಳ ವಿಷಯ ಸೂಕ್ಷ್ಮವಾದದ್ದು. ನಮ್ಮ ಕುರಿ ಬೇರೆ ಊರಿಗೆ ಹೋಗುವಾಗ ಅವರ ಕುರಿ ಇಲ್ಲಿಗೆ ಬರಬಾರದು ಎನ್ನುವ ಬಾಯಿ ನಮಗಿಲ್ಲ. ಬೀಡಿನ ಭಾಗ ಬಿಟ್ಟು, ಎಷ್ಟು ರಾತ್ರಿ ಎಂದು ಪಂಚಾಯಿತಿಯಲ್ಲಿ ಹೇಳಿ ತಂಗಲಿ.

ನೀರು, ನಾಯಿ, ಬೇನೆ ಮೂರನ್ನೂ ಚಿಕ್ಕದಾಗಿ ಹೇಳುತ್ತೇವೆ. ಗೋಕಟ್ಟೆಗಳ ಹೂಳು ತೆಗೆಸಿ, ಒಂದನ್ನಾದರೂ ಹೊಲಗಳಿಂದ ದೂರ, ಬಯಲಿನ ನಡುವೆ ಇಳಿಜಾರಾಗಿ ತೋಡಿಸಿ. ದಂಡೆಯಿಲ್ಲದ ಹಾಳುಬಾವಿಗಳಿಗೆ ಕಟ್ಟೆ ಕಟ್ಟಿಸಿ, ಚಿಗರಿ ಮಾತ್ರವಲ್ಲ, ನಮ್ಮ ದನಗಳೂ ಬೀಳುತ್ತವೆ. ಕೋಳಿ ತ್ಯಾಜ್ಯ ಸುರಿಯುವ ಕಡೆ ಕೊಬ್ಬಿದ ಬೀದಿನಾಯಿಗಳು ಕುರಿಮರಿಯನ್ನೂ ಚಿಗರಿ ಮರಿಯನ್ನೂ ಹರಿಯುತ್ತಿವೆ, ಪಾಪ ತೋಳದ ತಲೆಗೆ. ಬೇನೆಯ ವಿಷಯದಲ್ಲಿ ಮಾತ್ರ ಅವಸರ ಮಾಡಬೇಕು: ಕುರಿ ಪ್ಲೇಗು ಎನ್ನುವ ಪಿಪಿಆರ್ ಕಾಡಿನ ಮೇಯುವ ಪ್ರಾಣಿಗಳಿಗೂ ಅಂಟುತ್ತದೆ. ಮಂಗೋಲಿಯಾದ ಹುಲ್ಲುಗಾವಲಿನಲ್ಲಿ 2017ರಲ್ಲಿ ಕುರಿ, ಆಡುಗಳಿಂದ ಹರಡಿ ಸೈಗಾ ಎಂಬ ಕಾಡು ಮೃಗಗಳು ಸಾವಿರಗಟ್ಟಲೆ ಸತ್ತವು. ಹಟ್ಟಿಗಳು ಕಾಲುವೆ ಸೀಮೆಯಿಂದ ಮರಳಿದ ವಾರದಲ್ಲೇ, ಬಯಲಿಗೆ ಇಳಿಯುವ ಮೊದಲು, ಬಾಕಿ ಇರುವ ಲಸಿಕೆಗಳನ್ನು ಹಾಕುವ ವ್ಯವಸ್ಥೆಯಾಗಬೇಕು.

ಬೆಳೆ ಪರಿಹಾರದಲ್ಲಿ ಪಾಲುಗಾರರನ್ನೂ ಸೇರಿಸಬೇಕು, ಮೊಳಕೆ ಹಂತದ ನಷ್ಟವನ್ನು ವಾರದೊಳಗೆ ನೋಡಿ ಬರೆದುಕೊಳ್ಳಬೇಕು. ಬೀಡಿನ ಉಸ್ತುವಾರಿಗೆ ಹೊಸ ಸಮಿತಿ ಬೇಡ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗೇ ಇಬ್ಬರು ಕುರಿಗಾರರನ್ನು ಸೇರಿಸಿ ಇದನ್ನು ಒಪ್ಪಿಸಿ. ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ. ಮರಿ ಸಾಕುವವರೂ ಹುಲ್ಲಿನ ಬೆಲೆ ಬಲ್ಲವರೂ ಅವರೇ.

ತಾವು, ಅಥವಾ ತಾವು ಕಳಿಸುವ ಕಂದಾಯ, ಅರಣ್ಯ ಮತ್ತು ಪಶುಪಾಲನಾ ಇಲಾಖೆಯ ಅಧಿಕಾರಿಗಳು, ಮಿರಗಕ್ಕೆ ಮೊದಲು ಒಂದು ದಿನ ಒಟ್ಟಿಗೆ ಬಂದು ಬಯಲಿನ ಗಡಿಯನ್ನು ನಮ್ಮ ಜೊತೆ ನಡೆದು ನೋಡಬೇಕೆಂದು ಕೋರುತ್ತೇವೆ. ಬೆಳಿಗ್ಗೆ ಏಳರೊಳಗೆ ಬಂದರೆ ಚಿಗರಿ, ಕುರಿ ಎರಡನ್ನೂ ಒಂದೇ ಬಯಲಲ್ಲಿ ಕಾಣಬಹುದು. ಎಂಟರ ಮೇಲೆ ಕುರಿ ಮಾತ್ರ ಇರುತ್ತವೆ. ಹಳೇ ನಕಾಶೆಯ ಪ್ರತಿ ನಮ್ಮಲ್ಲಿದೆ, ಸರ್ವೆ ಸರಪಳಿ ಹಿಡಿಯಲು ಹತ್ತು ಜನ ಸಿದ್ಧರಿದ್ದಾರೆ.

ಇಂತಿ ತಮ್ಮ ವಿಶ್ವಾಸಿಗಳು,
ಸಹಿ ಮತ್ತು ಹೆಬ್ಬೆಟ್ಟು ಹಾಕಿದ ಗ್ರಾಮಸ್ಥರು (ಪಟ್ಟಿ ಲಗತ್ತಿಸಿದೆ)

ಪ್ರತಿಗಳು: ಉಪ ಅರಣ್ಯ ಸಂರಕ್ಷಣಾಧಿಕಾರಿಗಳು, ಕೊಪ್ಪಳ; ಉಪನಿರ್ದೇಶಕರು, ಪಶುಪಾಲನಾ ಇಲಾಖೆ, ಕೊಪ್ಪಳ; ತಹಶೀಲ್ದಾರರು, ಕುಕನೂರು; ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷರು.