ಬೇಜಾರು ಅಂದರೆ ಯಾವ ಬೇಜಾರು?

ಮಾನ್ಯರೇ,

ದ್ವಿತೀಯ ಪಿಯು ಫಲಿತಾಂಶ ಬಂದ ರಾತ್ರಿ ದಾವಣಗೆರೆಯ ಹಾಸ್ಟೆಲ್, ಪಿ.ಜಿ.ಗಳಲ್ಲಿರುವ ಮಕ್ಕಳ ವಾಟ್ಸ್‌ಆ್ಯಪ್ ಸ್ಟೇಟಸ್ ನೋಡಿ. ಕಪ್ಪು ಹಿನ್ನೆಲೆ, ಒಡೆದ ಹೃದಯ, ‘ಯಾರನ್ನೂ ನಂಬಬಾರದು’ ಎಂಬ ಒಂದು ಸಾಲು. ಬೆಳಿಗ್ಗೆ ಎದ್ದ ಕೂಡಲೇ ಕೆಳಗಿನ ಕಣ್ಣಿನ ಗುರುತು ಒತ್ತಿ ಎಷ್ಟು ಜನ ನೋಡಿದರು ಎಂದು ಎಣಿಸುತ್ತಾರೆ. ನೋಡಿದವರು ತೊಂಬತ್ತು ಮಂದಿ, ‘ಏನಾಯ್ತು’ ಎಂದು ಕೇಳಿದವರು ಒಬ್ಬರೂ ಇಲ್ಲ. ದೊಡ್ಡವರ ಬೈಗುಳ ಮಾತ್ರ ಸಿದ್ಧ: ‘ಮೊಬೈಲ್‌ನಲ್ಲಿ ಅತ್ತರೆ ಯಾರು ಕಣ್ಣೊರೆಸ್ತಾರೆ?’

ಈ ಬೈಗುಳ ನಮಗೆ ಒಪ್ಪಿಗೆಯಿಲ್ಲ. ಹಿಂದೆ ಹೆಣ್ಣುಮಕ್ಕಳು ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕೂತು ತವರಿನ ನೆನಪು, ಅತ್ತೆಮನೆಯ ಕಾಟ ಎಲ್ಲವನ್ನೂ ಹಾಡಿಕೊಳ್ಳುತ್ತಿದ್ದರು. ಅದನ್ನು ಜನಪದ ಎಂದು ಪಠ್ಯದಲ್ಲಿ ಓದಿಸುವ ನಾವು ಮಗಳ ಸ್ಟೇಟಸ್ಸನ್ನು ನಾಟಕ ಅನ್ನುತ್ತೇವೆ. ಹೇಳಿಕೊಂಡರೆ ಹಗುರಾಗುವುದು ನಿಜ, ಮೊಬೈಲ್‌ನಲ್ಲೂ ನಿಜ. ಆದರೆ ಏನನ್ನು, ಯಾರಿಗೆ, ಹೇಗೆ ಹೇಳಿಕೊಂಡೆವು ಎಂಬುದರ ಮೇಲೆ ಅದು ನಿಂತಿದೆ.

ಮೊದಲ ತೊಡಕು ‘ಬೇಜಾರು’ ಎಂಬ ಪದದ್ದೇ. ಕರೆಂಟ್ ಹೋದರೂ ಬೇಜಾರು, ಅಜ್ಜ ತೀರಿಕೊಂಡರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು. ಕನ್ನಡದಲ್ಲಿ ಅವಮಾನ, ದಿಗಿಲು, ಹಳಹಳಿ, ಕಸಿವಿಸಿ, ಹೊಟ್ಟೆಕಿಚ್ಚು, ತಳಮಳ ಎಂದು ಬೇರೆಬೇರೆ ಪದಗಳಿರುವಾಗ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತೇವೆ. ಮ್ಯಾಥ್ಸ್ ಹೋದ ಹುಡುಗನಿಗೆ ಇರುವುದು ಅಪ್ಪನ ಭಯವೋ, ಪಾಸಾದ ಗೆಳೆಯನ ಮೇಲಿನ ಹೊಟ್ಟೆಕಿಚ್ಚೋ, ಓದಲಿಲ್ಲವಲ್ಲ ಎಂಬ ಹಳಹಳಿಯೋ? ಒಂದೊಂದಕ್ಕೂ ಪರಿಹಾರ ಬೇರೆ. ಹೆಸರಿಟ್ಟ ಮಾತ್ರಕ್ಕೇ ಸ್ವಲ್ಪ ತಗ್ಗುತ್ತದೆ ಎಂಬುದಕ್ಕೂ ಆಧಾರವಿದೆ. ಅಮೆರಿಕದ ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಿಟ್ಟಿನ, ಭಯದ ಮುಖಗಳ ಚಿತ್ರ ತೋರಿಸಿ ಆ ಭಾವನೆಯ ಹೆಸರನ್ನು ಆರಿಸಲು ಹೇಳಿದಾಗ, ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಇಳಿಯಿತು.

ಬರೆಯುವುದರ ಬಗ್ಗೆ ಇನ್ನೂ ಹಳೆಯ ಪ್ರಯೋಗವಿದೆ. 1986ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಕಾಲೇಜು ವಿದ್ಯಾರ್ಥಿಗಳಿಂದ ದಿನಕ್ಕೆ 15 ನಿಮಿಷದಂತೆ 4 ದಿನ ಮನಸ್ಸಿಗೆ ಪೆಟ್ಟಾದ ಸಂಗತಿಗಳನ್ನು ಬರೆಸಿದರು. ಬರೆದ ದಿನ ಮನಸ್ಸು ಮತ್ತಷ್ಟು ಭಾರವಾಯಿತು. ಆದರೆ ನಡೆದದ್ದು, ಅನಿಸಿದ್ದು ಎರಡನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ನಡೆದದ್ದನ್ನಷ್ಟೇ ಬರೆದವರಿಗೆ ಆ ಲಾಭ ಸಿಗಲಿಲ್ಲ. ಆ ಬರಹ ಯಾರ ಸ್ಟೇಟಸ್ಸಿಗೂ ಹೋಗಿರಲಿಲ್ಲ ಎಂಬುದನ್ನು ಮರೆಯಬಾರದು. ಆದ್ದರಿಂದ ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮದೇ ನಂಬರಿಗೆ ಮೊದಲು ಬರೆದು ಕಳಿಸಿಕೊಳ್ಳಿ. ಒಂದು ಗಂಟೆ ಬಿಟ್ಟು, ಊಟ ಮಾಡಿ, ಮತ್ತೆ ಓದಿ. ಆಗಲೂ ಇನ್ನೊಬ್ಬರಿಗೆ ತಿಳಿಯಬೇಕು ಅನಿಸಿದ ನಾಲ್ಕು ಸಾಲು ಸಾಕು. ರಾತ್ರಿ ಹನ್ನೊಂದರ ಮೇಲಂತೂ ಹಾಕಲೇಬೇಡಿ. ಉತ್ತರ ಕೊಡಬೇಕಾದವರು ನಿದ್ದೆಯಲ್ಲಿರುತ್ತಾರೆ, ಆ ಮೌನವೇ ಹೊಸ ಗಾಯವಾಗುತ್ತದೆ.

ಆ ನಾಲ್ಕು ಸಾಲು ಹೀಗಿರಬಹುದು: ‘ಮ್ಯಾಥ್ಸ್ ಹೋಗಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಭಯಕ್ಕೆ ಬೆಳಿಗ್ಗೆಯಿಂದ ಊಟ ಸೇರ್ತಿಲ್ಲ. ಸಂಜೆ ಯಾರಾದ್ರೂ ಹತ್ತು ನಿಮಿಷ ಫೋನ್ ಮಾಡ್ತೀರಾ?’ ಏನಾಯಿತು, ಏನನಿಸುತ್ತಿದೆ, ಏನು ಬೇಕು, ಮೂರೂ ಇದರಲ್ಲಿವೆ. ‘ಯಾರನ್ನೂ ನಂಬಬಾರದು’ ಎಂದು ಓದಿದವರಿಗೆ ಅದು ಯಾರಿಗೆ ಹೇಳಿದ್ದು ಎಂದೇ ತಿಳಿಯದು. ತೊಂಬತ್ತು ಜನರಲ್ಲಿ ಪ್ರತಿಯೊಬ್ಬರೂ ‘ಬೇರೆ ಯಾರಾದರೂ ಕೇಳಿರ್ತಾರೆ ಬಿಡು’ ಎಂದು ಮುಂದಿನ ಸ್ಟೇಟಸ್ಸಿಗೆ ಬೆರಳು ಸರಿಸುತ್ತಾರೆ. ಕೆಲವರು ಇದು ತಮಗೇ ಹೊಡೆದ ಟಾಂಗು ಎಂದುಕೊಂಡು ಮಾತೂ ಬಿಡುತ್ತಾರೆ.

ತೊಂಬತ್ತು ಜನಕ್ಕಿಂತ ನಂಬಿಕೆಯ ಆರು ಜನ ಮೇಲು. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್, ಪ್ರೈವೆಸಿ, ಸ್ಟೇಟಸ್‌ಗೆ ಹೋಗಿ ‘ಓನ್ಲಿ ಶೇರ್ ವಿತ್’ ಒತ್ತಿ ಆ ಆರು ಹೆಸರು ಆರಿಸಿ. ಇದನ್ನು ಸ್ಟೇಟಸ್ ಹಾಕುವ ಮುಂಚೆಯೇ ಮಾಡಬೇಕು. ಆಗಲೇ ಹಾಕಿದ್ದಕ್ಕೆ ಹೊಸ ಆಯ್ಕೆ ತಾಗುವುದಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಇದೇ ಕೆಲಸಕ್ಕೆ ‘ಕ್ಲೋಸ್ ಫ್ರೆಂಡ್ಸ್’ ಪಟ್ಟಿ ಇದೆ. ಸ್ಟೇಟಸ್ 24 ಗಂಟೆಗೆ ಅಳಿಸಿಹೋಗುತ್ತದೆ ಎಂದು ನೆಮ್ಮದಿಯಾಗಿರಬೇಡಿ. ಯಾರಾದರೂ ಸ್ಕ್ರೀನ್‌ಶಾಟ್ ತೆಗೆದರೆ ನಿಮಗೆ ಸೂಚನೆಯೂ ಬರುವುದಿಲ್ಲ. ಮನೆಯವರ ಗ್ರೂಪಿನಲ್ಲಿ ಅತ್ತೆ-ಸೊಸೆ ಮಾತು ಬರೆದು ಜಗಳ ಬೀಗರ ಮನೆ ಮುಟ್ಟುವುದು ಈ ದಾರಿಯಲ್ಲೇ. ಇನ್ನೊಬ್ಬರ ಕಾಯಿಲೆ, ಸಾಲ, ಮದುವೆ ಮುರಿದ ವಿಷಯ ನಿಮ್ಮ ದುಃಖದ ಜೊತೆ ಹೆಣೆದುಕೊಂಡಿದ್ದರೂ ಅದನ್ನು ಹಂಚುವ ಹಕ್ಕು ನಿಮ್ಮದಲ್ಲ.

ಸಿಟ್ಟಿನ ಲೆಕ್ಕ ಬೇರೆ. ಕಾರಿಕೊಂಡರೆ ಸಿಟ್ಟು ಇಳಿಯುತ್ತದೆ ಎಂಬ ನಂಬಿಕೆಯನ್ನು ಅಮೆರಿಕದ ಮನೋವಿಜ್ಞಾನಿ ಬ್ರಾಡ್ ಬುಶ್‌ಮನ್ 2002ರಲ್ಲಿ ಪರೀಕ್ಷಿಸಿದರು. ಸಿಟ್ಟು ತರಿಸಿದವನನ್ನೇ ನೆನೆಯುತ್ತ ಚೀಲಕ್ಕೆ ಗುದ್ದಿದವರ ಸಿಟ್ಟು, ಸುಮ್ಮನೆ ಕೂತವರಿಗಿಂತ ಹೆಚ್ಚಾಯಿತು. ಫೇಸ್‌ಬುಕ್‌ನಲ್ಲಿ ಹೆಸರು ಹಿಡಿದು ಬೈದು, ಕಾಮೆಂಟುಗಳಲ್ಲಿ ಮತ್ತೆಮತ್ತೆ ಕೆರಳುವುದೂ ಅಂಥದೇ. ಸಿಟ್ಟಿದ್ದ ದಿನ ಕುಂದುವಾಡ ಕೆರೆ ಏರಿಯ ಮೇಲೆ ಅರ್ಧ ಗಂಟೆ ನಡೆಯಿರಿ. ಫೋನ್ ಮನೆಯಲ್ಲಿರಲಿ.

ಓದುವವರ ಪಾಲು ಇನ್ನೂ ದೊಡ್ಡದು. ‘ಟೇಕ್ ಕೇರ್’, ‘ಸ್ಟ್ರಾಂಗ್ ಆಗಿರು’, ಎರಡು ಕೈ ಜೋಡಿಸಿದ ಚಿತ್ರ, ಇವೆಲ್ಲ ಮಾತನ್ನು ಮುಗಿಸುತ್ತವೆ. ‘ನೋಡ್ದೆ. ಯಾವಾಗಿಂದ ಹಿಂಗಾಗ್ತಿದೆ? ಈಗ ಮಾತಾಡ್ಲಾ, ಸಂಜೆ ಬರ್ಲಾ?’ ಎಂದರೆ ಮಾತು ತೆರೆಯುತ್ತದೆ. ಅದನ್ನು ಎಲ್ಲರಿಗೂ ಕಾಣುವಂತೆ ಕಾಮೆಂಟಿನಲ್ಲಿ ಬೇಡ, ನೇರ ಅವರಿಗೇ ಕಳಿಸಿ. ‘ಹೋಗ್ಲಿ ಬಿಡು, ಮತ್ತೆ ಬರೆಯೋಕೆ ಪರೀಕ್ಷೆ-2 ಇದೆಯಲ್ಲ’ ಎಂಬುದು ಸರಿಯಾದ ಮಾತೇ, ಆದರೆ ಮೊದಲ ದಿನದ ಮಾತಲ್ಲ. ಅತ್ತು ಮುಗಿಯದವನಿಗೆ ಅದು ‘ನಿನ್ನ ಗೋಳು ಸಾಕು’ ಎಂದು ಕೇಳಿಸುತ್ತದೆ. ಹಾಗಂತ ಬರೀ ‘ಅಯ್ಯೋ ಪಾಪ’ ಕೂಡ ಸಾಲದು. ಸಮಾಧಾನದ ಮಾತಿನಿಂದ ಆ ಹೊತ್ತಿಗೆ ಹಿತವಾಗುತ್ತದೆ, ನಡೆದದ್ದನ್ನು ಬೇರೆ ಕಡೆಯಿಂದ ನೋಡಲು ಯಾರಾದರೂ ನೆರವಾದಾಗಲೇ ಬೇಗುದಿ ತಗ್ಗುತ್ತದೆ ಎಂದು ಬೆಲ್ಜಿಯಂನ ಮನೋವಿಜ್ಞಾನಿ ಬರ್ನಾರ್ಡ್ ರಿಮೆ ಹೇಳುತ್ತಾರೆ. ಮೂರನೆಯ ದಿನ ಮಂಡಕ್ಕಿ-ಮೆಣಸಿನಕಾಯಿ ಮುಂದಿಟ್ಟುಕೊಂಡು ಪರೀಕ್ಷೆ-2ರ ಅರ್ಜಿ ತುಂಬಿಸಿ. ಇಬ್ಬರು ಗೆಳತಿಯರು ವಾರಗಟ್ಟಲೆ ಅದೇ ದುಃಖವನ್ನು ಅಗೆಯುತ್ತ ಕೂತರೆ ಗೆಳೆತನದ ಜೊತೆ ದುಗುಡವೂ ಬೆಳೆಯುತ್ತದೆ.

ಎಲ್ಲರ ಹತ್ತಿರ ಕ್ಷಮೆ ಕೇಳುವ, ‘ಇನ್ನು ನಾನು ಯಾರಿಗೂ ತೊಂದರೆ ಕೊಡಲ್ಲ’ ಎನ್ನುವ ಸ್ಟೇಟಸ್ ಕಂಡರೆ ಇದ್ಯಾವುದೂ ಅನ್ವಯಿಸದು. ತಕ್ಷಣ ಫೋನ್ ಮಾಡಿ. ‘ಸಾಯಬೇಕು ಅನಿಸ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡಬೇಡಿ. ಹಳ್ಳಿಯ ಮನೆಯಾದರೆ ಹೊಲಕ್ಕೆ ಹೊಡೆಯುವ ಔಷಧಿಯನ್ನು ಬೀಗದೊಳಗೆ ಇಡಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416, ದುಡ್ಡಿಲ್ಲದೆ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು. ಪ್ರಾಣಾಪಾಯ ಎದುರಿಗಿದ್ದರೆ 112. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರನ್ನು ಕಾಣುವ ವ್ಯವಸ್ಥೆಯಿದೆ. ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯವರು ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಂಡು ಹೋದರೆ ಬಸ್ ಚಾರ್ಜು ಉಳಿಯುತ್ತದೆ.

ಕೊನೆಗೆ ಪತ್ರಿಕೆಗಳಿಗೂ ಒಂದು ಕೋರಿಕೆ. ಆತ್ಮಹತ್ಯೆಯ ಸುದ್ದಿಯ ಪಕ್ಕ ಸತ್ತವರ ಕೊನೆಯ ಸ್ಟೇಟಸ್ಸಿನ ಚಿತ್ರ ಹಾಕುವುದನ್ನು ನಿಲ್ಲಿಸಿ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಒಪ್ಪಿಕೊಂಡ ಮಾರ್ಗಸೂಚಿ ಕೂಡ ಇಂಥ ಸುದ್ದಿಗೆ ಫೋಟೊ, ವಿಡಿಯೊ, ಸಾಮಾಜಿಕ ಜಾಲತಾಣದ ಕೊಂಡಿ ಬಳಸಬೇಡಿ ಎನ್ನುತ್ತದೆ. ಆ ಜಾಗದಲ್ಲಿ 14416 ಎಂಬ ಐದು ಅಂಕಿ ದಪ್ಪಕ್ಷರದಲ್ಲಿ ಬರಲಿ.

– ಇಬ್ಬರು ಆಪ್ತಸಮಾಲೋಚಕರು, ದಾವಣಗೆರೆ